ಬ್ಯಾಕಪ್‌ಗಳ ರಾಶಿಯಲ್ಲಿ ಒಂದೇ ಒಂದು ಕಡತವನ್ನು ಹುಡುಕುವುದು ಹೇಗೆ?

ಮೂವತ್ತು ಟಾರ್-ಜಿಜೆಡ್ ಬ್ಯಾಕಪ್‌ಗಳ (ಹಲವು ಕಡತಗಳನ್ನು ಟಾರ್ ಎಂಬ ತಂತ್ರಾಂಶದಿಂದ ಒಂದೇ ಕಟ್ಟಾಗಿಸಿ, ಜಿಜಿಪ್‌ನಿಂದ ಕುಗ್ಗಿಸಿದವು) ಪೈಕಿ ಯಾವುದರಲ್ಲೋ ಇರುವ ಒಂದು ಲೇಖನ ಬೇಕಾಗಿದೆ, ಎಲ್ಲವನ್ನೂ ಬಿಚ್ಚಿ ಒಳಗಿನ ಪದಗಳನ್ನು ಹುಡುಕಿಕೊಡುವ ತಂತ್ರಾಂಶ ಯಾವುದು ಎಂದು ಕೇಳಿದ್ದೀರಿ. ದಯವಿಟ್ಟು ಏನನ್ನೂ ಬಿಚ್ಚಬೇಡಿ. ನಾನು ಬಿಚ್ಚಿದ್ದೆ.

ಪುಸ್ತಕಗಳ ಪುಟವಿನ್ಯಾಸ ನನ್ನ ಕಸುಬು. ಕೆಲವು ವರ್ಷಗಳ ಹಿಂದೆ, ಹಿರಿಯ ಲೇಖಕರೊಬ್ಬರ ಹದಿನೆಂಟು ಅಧ್ಯಾಯಗಳ ಪುಸ್ತಕ ನನ್ನ ಕೈಯಲ್ಲಿದ್ದಾಗ ಏಳನೆಯ ಅಧ್ಯಾಯದ ಕಡತ ಅಳಿಸಿಹೋಯಿತು. ಕಡತದ ಹೆಸರು ನೆನಪಿರಲಿಲ್ಲವಾದ್ದರಿಂದ, ಆ ಅಧ್ಯಾಯದಲ್ಲಿ ಬರುವ ಊರೊಂದರ ಹೆಸರನ್ನು, ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತಗಳಿರುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಬ್ಯಾಕಪ್‌ಗಳಲ್ಲೆಲ್ಲ ಹುಡುಕಿಸಿದೆ. ಎಲ್ಲಿಯೂ ಸಿಗಲಿಲ್ಲ. ಸಿಗುವಂತೆಯೂ ಇರಲಿಲ್ಲ: ಲೇಖಕರು ಟೈಪ್ ಮಾಡಿಸಿದ್ದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ. ಅಂಥ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಅವು ತೆರೆಯ ಮೇಲೆ ಕನ್ನಡವಾಗಿ ಕಾಣುವುದು ಫಾಂಟ್‌ನ ದೆಸೆಯಿಂದ ಮಾತ್ರ. ಇದು ಹೊಳೆಯದೆ, ಹುಡುಕಾಟವೇ ಕೈಕೊಟ್ಟಿತೆಂದು ಭಾವಿಸಿ, ಬ್ಯಾಕಪ್ಪನ್ನೇ ಪೂರ್ತಿ ಬಿಚ್ಚಿ ಕಣ್ಣಾರೆ ನೋಡಲು ಹೊರಟೆ.

ತಪ್ಪಾದದ್ದು ಬಿಚ್ಚಿದ ಜಾಗದಲ್ಲಿ. ನಾನು ನಿಂತಿದ್ದದ್ದು ಕೆಲಸದ ಫೋಲ್ಡರ್‌ನಲ್ಲಿ. ಬ್ಯಾಕಪ್ ಮಾಡಿದ್ದೂ ಅದೇ ಫೋಲ್ಡರ್‌ನಿಂದ, ಆದ್ದರಿಂದ ಒಳಗಿನ ಹೆಸರುಗಳೂ ಹೊರಗಿನ ಹೆಸರುಗಳೂ ಒಂದೇ. ಅದೇ ಹೆಸರಿನ ಕಡತ ಮೊದಲೇ ಇದ್ದರೆ ಟಾರ್ ನಿಮ್ಮನ್ನು ಕೇಳುವುದಿಲ್ಲ, ಹಳೆಯದನ್ನು ತಂದು ಹೊಸದರ ಮೇಲೆ ಬರೆಯುತ್ತದೆ. ‘ಕೆ’ ಎಂಬ ಆಯ್ಕೆ ಕೊಟ್ಟಿದ್ದರೆ ಇದ್ದದ್ದನ್ನು ಮುಟ್ಟುತ್ತಿರಲಿಲ್ಲ, ನಾನು ಕೊಟ್ಟಿರಲಿಲ್ಲ. ಉಳಿದ ಹದಿನೇಳು ಅಧ್ಯಾಯಗಳಲ್ಲಿ ಎರಡು ವಾರ ಕುಳಿತು ಮಾಡಿದ್ದ ತಿದ್ದುಪಡಿಗಳು ಒಂದು ನಿಮಿಷದೊಳಗೆ ಹೋದವು. ಬಿಚ್ಚಿದ ಕಡತಗಳಿಗೆ ಟಾರ್ ಹಳೆಯ ತಾರೀಖನ್ನೇ ಹಚ್ಚುತ್ತದೆ; ಆ ತಾರೀಖುಗಳನ್ನು ಆಗಲೇ ಗಮನಿಸಿದ್ದರೆ ಅನಾಹುತ ಅಂದೇ ತಿಳಿಯುತ್ತಿತ್ತು. ನನಗೆ ತಿಳಿದದ್ದು ಮೂರು ದಿನಗಳ ನಂತರ. ಕೆಂಪು ಶಾಯಿಯಲ್ಲಿ ತಿದ್ದಿದ ಕರಡುಪ್ರತಿಗಳಿದ್ದುದರಿಂದ ಒಂಬತ್ತು ರಾತ್ರಿ ಕುಳಿತು ಮತ್ತೆ ತುಂಬಿಸಿದೆ, ಆದರೆ ಲೇಖಕರು ಫೋನಿನಲ್ಲಿ ಹೇಳಿ ಬರೆಸಿದ್ದ ತಿದ್ದುಪಡಿಗಳಿಗೆ ಯಾವ ಪ್ರತಿಯೂ ಇರಲಿಲ್ಲ. ಅವುಗಳನ್ನು ಮತ್ತೊಮ್ಮೆ ಹೇಳಿ ಎಂದು ಆ ವಯಸ್ಸಿನವರನ್ನು ಕೇಳಬೇಕಾಗಿ ಬಂದದ್ದು ನನಗೆ ಇಂದಿಗೂ ನೋವು.

ಹಾಗಾಗಿ, ನಿಮಗೆ ಬೇಕಾಗಿರುವುದು ಹುಡುಕುವ ತಂತ್ರಾಂಶವೇ ಅಲ್ಲ, ಪಟ್ಟಿ. ಟಾರ್ ಹುಟ್ಟಿದ್ದು, ಮೊದಲಿನಿಂದ ಸಾಲಾಗಿ ಓದಬೇಕಾದ ಮ್ಯಾಗ್ನೆಟಿಕ್ ಟೇಪಿಗಾಗಿ. ಪ್ರತಿ ಕಡತದ ಹೆಸರು, ಗಾತ್ರ, ತಾರೀಖುಗಳು ಆ ಕಡತಕ್ಕೂ ಮೊದಲು ಬರುವ 512 ಬೈಟ್‌ಗಳ ತಲೆಬರಹದಲ್ಲಿರುತ್ತವೆ. ಜಿಪ್‌ನಲ್ಲಿರುವಂತೆ ಎಲ್ಲವನ್ನೂ ಒಂದೆಡೆ ಬರೆದಿಟ್ಟ ಸೂಚಿ ಇದರಲ್ಲಿಲ್ಲ. ಮೇಲೆ ಜಿಜಿಪ್ ಮಾಡಿದ್ದರೆ ಪ್ರತಿ ಸಲವೂ ಮೊದಲಿನಿಂದ ಕೊನೆಯವರೆಗೆ ಬಿಡಿಸಿಕೊಂಡೇ ಓದಬೇಕು. ಅದಕ್ಕೇ ಒಂದೇ ಸಲ ತಾಳ್ಮೆಯಿಂದ, ಪ್ರತಿ ಬ್ಯಾಕಪ್‌ಗೂ ಟಾರ್ ಆಜ್ಞೆಯನ್ನು ‘ಟಿ’ (ಪಟ್ಟಿ), ‘ವಿ’ (ವಿವರ), ‘ಎಫ್’ (ಬ್ಯಾಕಪ್‌ನ ಹೆಸರು) ಆಯ್ಕೆಗಳೊಡನೆ ನಡೆಸಿ, ಬಂದ ಪಟ್ಟಿಯನ್ನು ಪಠ್ಯ ಕಡತವಾಗಿ ಉಳಿಸಿಕೊಳ್ಳಿ. ಆ ಮೇಲಿನ ಹುಡುಕಾಟವೆಲ್ಲ ಕ್ಷಣದ ಕೆಲಸ. ನನ್ನ ಏಳನೆಯ ಅಧ್ಯಾಯ ಕೊನೆಗೆ ಸಿಕ್ಕಿದ್ದು ಅಂಥ ಪಟ್ಟಿಯಲ್ಲೇ: ಹೆಸರಿನಿಂದಲ್ಲ, ಲೇಖಕರು ಅದನ್ನು ಕಳಿಸಿದ ದಿನದ ತಾರೀಖಿನಿಂದ. ಪಟ್ಟಿಯಲ್ಲಿ ಕಂಡ ದಾರಿಯನ್ನು (ಫೋಲ್ಡರ್‌ಗಳ ಹೆಸರೂ ಸೇರಿದ ಕಡತದ ಪೂರ್ತಿ ಹೆಸರನ್ನು) ಒಂದಕ್ಷರವೂ ಬದಲಿಸದೆ ಕೊಟ್ಟು, ಆ ಒಂದು ಕಡತವನ್ನು ಮಾತ್ರ, ಹೊಸದಾಗಿ ತೆರೆದ ಖಾಲಿ ಫೋಲ್ಡರ್‌ನೊಳಗೆ ಬಿಚ್ಚಿಕೊಳ್ಳಿ.