ಅದಿರಲಿ ಅಂದರೆ ಹೇಗೆ?

ಸಾಗರದ ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿರುವ ಓದುಗರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ತವರಿನ ಹಿತ್ತಲಲ್ಲಿ ಅಜ್ಜಿ ಗೊರಟು ಊರಿ ಬೆಳೆಸಿದ ಜೀರಿಗೆ ಅಪ್ಪೆ ಮರವಿದೆ, ಅಂದರೆ ಉಪ್ಪಿನಕಾಯಿಗೆ ಹಾಕುವ, ಜೀರಿಗೆ ಘಮದ ಮಾವಿನ ಮಿಡಿಯ ಮರ. ಬುಡ ಟೊಳ್ಳಾಗಿದೆ, ದೀಪಾವಳಿ ಕಳೆದ ಮೇಲೆ ಕಡಿಸುತ್ತೇನೆ ಅಂತ ಅಣ್ಣ ಹೇಳಿದ್ದಾರೆ. ಮೂರು ತಲೆಮಾರು ಉಂಡ ಮರ, ಅಜ್ಜಿಯನ್ನೇ ಕಡಿದಂತಾಗುತ್ತದೆ, ಅಣ್ಣನಿಗೆ ಕರುಳೇ ಇಲ್ಲ ಎಂಬುದು ಇವರ ಸಂಕಟ. ‘ನಿನಗೂ ಹಕ್ಕಿದೆ, ವಕೀಲರಿಂದ ನೋಟಿಸ್ ಕೊಡಿಸು’ ಅಂತ ಯಜಮಾನರು ಬೇರೆ ಕಿವಿ ಊದಿದ್ದಾರೆ.

ನೋಡಿ ತಾಯಿ, ಮೂರನೇ ಪುಟದಲ್ಲಿ ನೀವು ಬರೆದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. ‘ಹೋದ ಮಳೆಗಾಲ ಒಂದು ಕೊಂಬೆ ಕೊಟ್ಟಿಗೆ ಮೇಲೆ ಬಿತ್ತು, ಅತ್ತಿಗೆ ಆಗಷ್ಟೇ ಹಾಲು ಕರೆದು ಒಳಗೆ ಹೋಗಿದ್ದರಂತೆ, ಅದಿರಲಿ.’

ಅದಿರಲಿ? ಹಸು ಸೊರೆ ಬಿಡಲು ಐದು ನಿಮಿಷ ತಡ ಮಾಡಿದ್ದರೆ? ಪ್ರತಿ ವರ್ಷ ನಿಮಗೆ ಬರುವ ಉಪ್ಪಿನಕಾಯಿಯ ಭರಣಿ ತುಂಬುವವರು ಯಾರು? ತೊಟ್ಟು ಮುರಿಯದಂತೆ ಒಂದೊಂದೇ ಮಿಡಿ ಆರಿಸಿ, ಸೊನೆ ಸೋರದ ಹಾಗೆ ಉಪ್ಪಿಗೆ ಹಾಕುವ ಕೈ ಅದು. ಜೀರಿಗೆಯ ಘಮ ಇರುವುದು ಆ ಸೊನೆಯಲ್ಲೇ. ನಾಲ್ಕು ಪುಟದಲ್ಲಿ ಆಕೆಗೆ ನೀವು ಕೊಟ್ಟದ್ದು ಅರ್ಧ ಸಾಲು.

ಇನ್ನು ಯಜಮಾನರು. ಅಳಿಯಂದಿರು ಮಾವನ ಮನೆ ವಿಷಯಕ್ಕೆ ಬಾಯಿ ಹಾಕಿದರೆ ನನಗೆ ಮೈ ಉರಿಯುತ್ತದೆ, ಈ ಅಂಕಣ ಓದುವವರಿಗೆ ಅದು ಹೊಸದಲ್ಲ. ಟೊಳ್ಳು ಬುಡಕ್ಕೆ ನೋಟಿಸ್ ಅಂಟಿಸಿದರೆ ಗಾಳಿ ನಿಲ್ಲುತ್ತದೆಯೇ?

ಮರ ಹೋಗಲಿ. ಆದರೆ ತಳಿ ಹೋಗಬಾರದು. ಗೊರಟು ನೆಟ್ಟರೆ ಅದೇ ಹುಳಿ, ಅದೇ ಘಮ ಬರುತ್ತದೆಂಬ ಖಾತರಿ ಇಲ್ಲ, ಕಸಿಯೇ ಆಗಬೇಕು. ಗುಬ್ಬಿ ತಾಲೂಕಿನ ಚೇಳೂರಿನಲ್ಲಿ ಸಿದ್ದಪ್ಪ ಎಂಬವರು ನೆಟ್ಟ ಕೆಂಪು ತೊಳೆಯ ಹಲಸು ಒಂದೇ ಒಂದು ಮರ ಇತ್ತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ 2017ರಲ್ಲಿ ಅವರ ಮಗ ಪರಮೇಶ್ ಜತೆ ಒಪ್ಪಂದ ಮಾಡಿಕೊಂಡು ಕಸಿ ಗಿಡ ಹಂಚಲು ದಾರಿ ಮಾಡಿತು. ಇವತ್ತು ಅದು ಅಪ್ಪನ ಹೆಸರಲ್ಲೇ ‘ಸಿದ್ದು ಹಲಸು’.

ಮಾಡಬೇಕಾದ್ದು ಒಂದೇ. ಇವತ್ತು ರಾತ್ರಿ ಅತ್ತಿಗೆಗೆ ಫೋನ್ ಮಾಡಿ. ಅಣ್ಣನಿಗಲ್ಲ. ವಾಟ್ಸಾಪ್ ಮೆಸೇಜು ಬೇಡವೇ ಬೇಡ. ಮೊದಲು ಕೊಂಬೆ ಬಿದ್ದ ದಿನದ್ದು ಕೇಳಿ, ಅವರು ಹೇಳಿ ಮುಗಿಸುವ ತನಕ ಸುಮ್ಮನಿರಿ. ಆಮೇಲೆ ಕಸಿ ಕಟ್ಟುವವರನ್ನು ಕರೆಸಲು ಕೇಳಿಕೊಳ್ಳಿ. ಪೆನ್ಸಿಲ್ ದಪ್ಪದ ಬಲಿತ ಕಡ್ಡಿ ನೋಡಿ, ತೊಟ್ಟು ಉಳಿಸಿ ಎಲೆ ಕತ್ತರಿಸಿ, ಕಡ್ಡಿಯನ್ನು ಎಂಟು-ಹತ್ತು ದಿನ ಮರದಲ್ಲೇ ಬಿಟ್ಟರೆ ಮೊಗ್ಗು ಉಬ್ಬುತ್ತದೆ. ಕಡ್ಡಿ ಕೊಯ್ಯುವ ದಿನ ನೀವು ಊರಲ್ಲಿರಬೇಕು, ಈ ಮಳೆಗಾಲದಲ್ಲೇ. ಹತ್ತಾದರೂ ಗಿಡ ಕಟ್ಟಿಸಿ, ಎಲ್ಲವೂ ಹಿಡಿಯುವುದಿಲ್ಲ. ಕೊಟ್ಟಿಗೆಯಿಂದ ಎಷ್ಟು ದೂರ ನೆಡಬೇಕೆಂದು ಅತ್ತಿಗೆಯೇ ಹೇಳಲಿ.

ಯಜಮಾನರನ್ನು ಬೆಂಗಳೂರಲ್ಲೇ ಬಿಟ್ಟು ಹೋಗಿ.