ಪರ್ಸ್‌ನಲ್ಲಿರುವ ಮಾತ್ರೆ, ಡಿಕ್ಕಿಯಲ್ಲಿರುವ ಮಾತ್ರೆ

ಪ್ರಶ್ನೆ: ಮೇಡಂ, ನನಗೆ 46 ವರ್ಷ. ತಿಪಟೂರು ಕಡೆಯವನು, ಕೊಬ್ಬರಿ ವ್ಯಾಪಾರ. ಮದುವೆಯಾಗಿ 19 ವರ್ಷ, ಇಬ್ಬರು ಮಕ್ಕಳು. ಒಂದು ವರ್ಷದಿಂದ ಹೆಂಡತಿಯ ಹತ್ತಿರ ಹೋದಾಗ ಸರಿಯಾಗಿ ನಿಮಿರುವುದಿಲ್ಲ, ನಿಮಿರಿದರೂ ನಿಲ್ಲುವುದಿಲ್ಲ. ಬೆಳಗ್ಗೆ ಏಳುವಾಗಲೂ ಮೊದಲಿನ ಹಾಗಿಲ್ಲ. ಊರಿನ ಡಾಕ್ಟರ್ ಎದುರು ಹೇಳಲು ಬಾಯೇ ಬರಲಿಲ್ಲ. ಮೆಡಿಕಲ್ ಸ್ಟೋರ್ ಇಟ್ಟಿರುವವನು ಹೆಂಡತಿಯ ಸೋದರಮಾವನ ಮಗ. ಕೊನೆಗೆ ಮೊಬೈಲ್‌ನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಹತ್ತು ಪ್ರಶ್ನೆ ಕೇಳಿತು, ದುಡ್ಡು ಕಟ್ಟಿದೆ, ನಾಲ್ಕನೇ ದಿನಕ್ಕೆ ಪಾರ್ಸೆಲ್ ಬಂತು. ಸಿಲ್ಡೆನಾಫಿಲ್ 50 ಅಂತ ನಾಲ್ಕು ಮಾತ್ರೆ, ಜೊತೆಗೆ ಒಂದು ಡಬ್ಬಿ ಹರ್ಬಲ್ ಕ್ಯಾಪ್ಸೂಲ್ ಫ್ರೀ. ಯಾವ ಡಾಕ್ಟರೂ ಮಾತಾಡಲಿಲ್ಲ. ಬಿಪಿ ಮಾತ್ರೆ ತಗೊಳ್ಳುತ್ತೇನೆ ಅಂದರೆ ಕೊಡುವುದಿಲ್ಲವೇನೋ ಅಂತ ‘ಬೇರೆ ಕಾಯಿಲೆ ಇಲ್ಲ, ಬೇರೆ ಮಾತ್ರೆ ಇಲ್ಲ’ ಅಂತ ಒತ್ತಿದ್ದೆ. ಪಾರ್ಸೆಲ್ ಸ್ಕೂಟರ್ ಡಿಕ್ಕಿಯಲ್ಲೇ ಇದೆ, ಇನ್ನೂ ಧೈರ್ಯ ಬಂದಿಲ್ಲ. ಹೆಂಡತಿ ಮೊನ್ನೆ ‘ನನ್ನ ಮೇಲೆ ಬೇಜಾರಾಗಿದೆಯಾ, ಇಲ್ಲ ಬೇರೆ ಯಾರಾದರೂ ಇದ್ದಾರಾ’ ಅಂತ ಕೇಳಿ ಅತ್ತಳು. ಏನೂ ಹೇಳದೆ ಹಾಲ್‌ಗೆ ಬಂದು ಮಲಗಿದೆ. ಸಿಗರೇಟು ದಿನಕ್ಕೆ ಐದಾರು ಇದೆ. ಗೋಡೌನ್ ಮೆಟ್ಟಿಲು ಹತ್ತಿದರೆ ಒಮ್ಮೊಮ್ಮೆ ಎದೆ ಹಿಡಿದ ಹಾಗಾಗುತ್ತದೆ. ಅದಕ್ಕೆ ಹಿಂದೆ ಒಬ್ಬ ಡಾಕ್ಟರ್ ಕೊಟ್ಟ ಸಾರ್ಬಿಟ್ರೇಟ್ ಪರ್ಸ್‌ನಲ್ಲಿದೆ, ನಾಲಿಗೆ ಕೆಳಗಿಟ್ಟರೆ ಸರಿಹೋಗುತ್ತದೆ. ಪಾರ್ಸೆಲ್ ಮಾತ್ರೆ ತಗೊಳ್ಳಬಹುದಾ? ಹೆಂಡತಿಗೆ ಹೇಳಲೇಬೇಕಾ?
– ಹೆಸರು ಬೇಡ

ಉತ್ತರ: ಡಿಕ್ಕಿಯಲ್ಲಿರುವ ಆ ಮಾತ್ರೆ ನುಂಗಬೇಡಿ. ಒಂದೂ ಬೇಡ, ಅರ್ಧವೂ ಬೇಡ. ಮಿಕ್ಕಿದ್ದನ್ನು ಆಮೇಲೆ ನಿಧಾನವಾಗಿ ಓದಿ.

ನೀವು ಪತ್ರದ ಕೊನೆಗೆ, ಹೋಗುವ ಮುಂಚೆ ನೆನಪಾದವರ ಹಾಗೆ, ಸಾರ್ಬಿಟ್ರೇಟ್ ವಿಷಯ ಬರೆದಿದ್ದೀರಿ. ನನಗೆ ಎದೆ ಧಸಕ್ ಅಂದಿದ್ದು ಅಲ್ಲೇ. ಸಾರ್ಬಿಟ್ರೇಟ್ ರಕ್ತನಾಳಗಳನ್ನು ಸಡಿಲ ಮಾಡುತ್ತದೆ, ಅದಕ್ಕೇ ಎದೆಯ ಹಿಡಿತ ಬಿಡುವುದು. ಸಿಲ್ಡೆನಾಫಿಲ್ ಕೂಡ ರಕ್ತನಾಳಗಳನ್ನೇ ಸಡಿಲ ಮಾಡುವ ಮಾತ್ರೆ, ಅದರ ದಾರಿ ಬೇರೆ ಅಷ್ಟೆ. ಎರಡೂ ಒಟ್ಟಿಗೆ ಮೈಯಲ್ಲಿದ್ದರೆ ಬಿಪಿ ಒಂದೇ ಸಲಕ್ಕೆ ಕುಸಿಯುತ್ತದೆ. ಕಣ್ಣು ಕತ್ತಲೆ ಬಂದು ಬೀಳಬಹುದು. ಹೃದಯಕ್ಕೇ ರಕ್ತ ಸಾಲದೆ ಜೀವಕ್ಕೆ ಕುತ್ತು ಬರಬಹುದು. ಸಾರ್ಬಿಟ್ರೇಟ್ ತರಹದ ನೈಟ್ರೇಟ್ ಮಾತ್ರೆ ಬಳಸುವವರಿಗೆ ಯಾವ ತಿಳಿದ ಡಾಕ್ಟರೂ ಸಿಲ್ಡೆನಾಫಿಲ್ ಬರೆಯುವುದಿಲ್ಲ. ಟಡಾಲಾಫಿಲ್ ಅಂತ ಇನ್ನೊಂದು ಬರುತ್ತದೆ, ಅದೂ ಇದೇ ಜಾತಿ. ಅದರ ಕೆಲಸ ಒಂದೂವರೆ ದಿನ ಇರುತ್ತದೆ, ಅಪಾಯವಂತೂ ಕಡೇಪಕ್ಷ ಎರಡು ದಿನ ಎಳೆಯುತ್ತದೆ.

‘ಆ ದಿನ ಸಾರ್ಬಿಟ್ರೇಟ್ ಇಟ್ಟುಕೊಳ್ಳದಿದ್ದರೆ ಆಯಿತಲ್ವಾ’ ಅಂತ ಲೆಕ್ಕ ಹಾಕಬೇಡಿ. ಗಂಡ ಹೆಂಡತಿ ಸೇರುವಾಗ ಹೃದಯಕ್ಕೆ ಬೀಳುವ ಶ್ರಮ ಹೆಚ್ಚುಕಡಿಮೆ ಎರಡು ಮಹಡಿ ಮೆಟ್ಟಿಲು ಹತ್ತಿದಷ್ಟು. ನಿಮಗೆ ಗೋಡೌನ್ ಮೆಟ್ಟಿಲಲ್ಲೇ ಎದೆ ಹಿಡಿಯುತ್ತಿದೆ. ರಾತ್ರಿ ಹನ್ನೊಂದಕ್ಕೆ ಹಾಗಾಯಿತು ಅಂದುಕೊಳ್ಳಿ. ನಿಮ್ಮ ಕೈ ಅಭ್ಯಾಸದಿಂದ ಪರ್ಸಿಗೇ ಹೋಗುತ್ತದೆ. ಆಸ್ಪತ್ರೆಗೆ ಕರೆದೊಯ್ದರೂ ಎದೆನೋವು ಅಂದ ಕೂಡಲೇ ಅವರು ಕೊಡಬಹುದಾದ ಮೊದಲ ಮಾತ್ರೆಗಳಲ್ಲಿ ಅದೂ ಒಂದು. ಡಿಕ್ಕಿಯ ವಿಷಯ ನಿಮ್ಮ ಮನೆಯವರಿಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಹೇಳುವವರು ಯಾರು?

ಸಾರ್ಬಿಟ್ರೇಟ್ ಬಿಸಾಡಬೇಡಿ, ಅದು ಪರ್ಸ್‌ನಲ್ಲೇ ಇರಲಿ. ಸುಮ್ನೆ ಕೂತಾಗಲೇ ಎದೆ ಹಿಡಿದರೆ, ಮಾತ್ರೆ ಇಟ್ಟರೂ ಬಿಡದಿದ್ದರೆ, ಬೆವರು ಕಿತ್ತುಕೊಂಡು ಬಂದರೆ, 108ಕ್ಕೆ ಫೋನ್ ಮಾಡಿ. ಗ್ಯಾಸ್ ಅಂತ ಜೀರಿಗೆ ನೀರು ಕುಡಿದು ಮಲಗಬೇಡಿ.

ಈಗ ನಿಮ್ಮ ನಿಜವಾದ ಸಂಕಟಕ್ಕೆ ಬರೋಣ. ನೀವು ಎಲ್ಲೂ ಬಾಯಿ ಬಿಟ್ಟು ಬರೆದಿಲ್ಲ, ಆದರೆ ‘ನಾನಿನ್ನು ಗಂಡಸಲ್ಲವೇನೋ’ ಎಂಬ ಭಯ ಪತ್ರದ ತುಂಬ ಇದೆ. ಇದಕ್ಕೆ ನಿಮಿರು ದೌರ್ಬಲ್ಯ ಅಂತ ಹೆಸರಿದೆ, ಕಾರಣಗಳಿವೆ, ಚಿಕಿತ್ಸೆ ಇದೆ. ಅಲ್ಲಿಯ ರಕ್ತನಾಳ ಒಂದೆರಡು ಮಿಲಿಮೀಟರ್ ಅಗಲದ್ದು. ಹೃದಯದ ನಾಳಗಳು ಮೂರ್ನಾಲ್ಕು ಮಿಲಿಮೀಟರ್. ಬಿಪಿ, ಸಕ್ಕರೆ, ಸಿಗರೇಟು, ಕೊಬ್ಬು ಇವೆಲ್ಲ ಸೇರಿ ನಾಳಗಳನ್ನು ಕೆಡಿಸುವಾಗ ಸಣ್ಣದು ಮೊದಲು ತೊಂದರೆ ಕೊಡುತ್ತದೆ. ಎಷ್ಟೋ ಗಂಡಸರಿಗೆ ಎದೆನೋವು ಕಾಣಿಸುವ ಎರಡು ಮೂರು ವರ್ಷ ಮುಂಚೆಯೇ ಹಾಸಿಗೆಯಲ್ಲಿ ಇದು ಕಾಣಿಸುತ್ತದೆ. ನಿಮ್ಮ ವಿಷಯದಲ್ಲಿ ಎರಡೂ ಕಾಣಿಸಿವೆ. ಬೆಳಗಿನ ನಿಮಿರುವಿಕೆಯೂ ಕಡಿಮೆಯಾಗಿದೆ ಅಂದಿರಿ. ಬರೀ ಮನಸ್ಸಿನ ಒತ್ತಡವಾಗಿದ್ದರೆ ಸಾಮಾನ್ಯವಾಗಿ ಅದು ಉಳಿದಿರುತ್ತದೆ. ಹಾಗಾಗಿ ನಿಮಗೆ ಮೊದಲು ಬೇಕಾಗಿರುವುದು ಹೃದಯದ ಡಾಕ್ಟರ್.

ಈ ವಾರವೇ ಹೋಗಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ, ಅಲ್ಲಿಂದ ತುಮಕೂರಿಗೋ ಬೆಂಗಳೂರಿನ ಜಯದೇವಕ್ಕೋ ಹೋಗಿ. ತಿಪಟೂರಿನಿಂದ ರೈಲಿದೆ, ಅಲ್ಲಿ ನಿಮ್ಮ ನೆಂಟರು ಕೌಂಟರ್‌ನಲ್ಲಿ ಕೂತಿರುವುದಿಲ್ಲ. ಖಾಲಿ ಹೊಟ್ಟೆಯ ಸಕ್ಕರೆ, ಮೂರು ತಿಂಗಳ ಸರಾಸರಿ ಸಕ್ಕರೆ, ಕೊಲೆಸ್ಟ್ರಾಲ್ ನೋಡುತ್ತಾರೆ. ಬೆಳಗಿನ ಹೊತ್ತು ರಕ್ತ ತೆಗೆದು ಟೆಸ್ಟೋಸ್ಟೆರಾನ್ ನೋಡಿ ಅಂತ ನೀವೇ ಕೇಳಿ. ಬಿಪಿ ಮಾತ್ರೆಯ ಚೀಟಿಯನ್ನೂ ತೋರಿಸಿ. ಕೆಲವು ಬಿಪಿ ಮಾತ್ರೆಗಳಿಂದಲೂ ನಿಮಿರುವಿಕೆ ಕುಗ್ಗುತ್ತದೆ. ಬದಲಾಯಿಸಬೇಕೋ ಬೇಡವೋ ಅವರು ಹೇಳುತ್ತಾರೆ, ನೀವಾಗಿ ನಿಲ್ಲಿಸಬೇಡಿ. ಅಲ್ಲಿಯವರೆಗೆ ಸೇರುವ ಪ್ರಯತ್ನವೂ ಬೇಡ. ಸಿಗರೇಟಂತೂ ಇವತ್ತೇ ಬಿಡಬೇಕು. ಅದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.

ಆನ್‌ಲೈನ್ ಚಿಕಿತ್ಸೆಯೇ ತಪ್ಪಾ? ಖಂಡಿತ ಅಲ್ಲ. ನಿಮ್ಮಂಥ ಎಷ್ಟೋ ಜನರಿಗೆ ನಾಚಿಕೆ ದಾಟಲು ಅದೊಂದೇ ಬಾಗಿಲು, ಆ ಬಾಗಿಲು ಮುಚ್ಚಬೇಕು ಅಂತ ನಾನು ಯಾವತ್ತೂ ಹೇಳುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ನಿಯಮಗಳನ್ನು ತಂದಿತು. ಅದರ ಪ್ರಕಾರ ನೋಂದಾಯಿತ ವೈದ್ಯರು ಫೋನ್‌ನಲ್ಲಿ, ವೀಡಿಯೊದಲ್ಲಿ ನೋಡಿ ಔಷಧಿ ಬರೆಯಬಹುದು. ಆದರೆ ಬರೆಯುವವರು ವೈದ್ಯರೇ ಆಗಿರಬೇಕು. ಆ್ಯಪ್‌ಗಾಗಲಿ ಚಾಟ್‌ಬಾಟ್‌ಗಾಗಲಿ ಆ ಹಕ್ಕಿಲ್ಲ. ವೈದ್ಯರ ಹೆಸರು, ನೋಂದಣಿ ಸಂಖ್ಯೆ ಇರುವ ಚೀಟಿ ನಿಮ್ಮ ಕೈಗೆ ಬರಬೇಕು. ಸಿಲ್ಡೆನಾಫಿಲ್ ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧಿ. ನಿಮಗೆ ಬಂದಿದ್ದು ಬರೀ ಬಿಲ್ಲು, ಅಲ್ವಾ? ಅದು ಚಿಕಿತ್ಸೆ ಅಲ್ಲ, ವ್ಯಾಪಾರ. ವ್ಯಾಪಾರ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ತೂಕ ನೋಡದೆ ದುಡ್ಡು ಎಣಿಸಿಕೊಂಡವನ ಹತ್ತಿರ ನೀವು ಎರಡನೇ ಸಲ ಹೋಗುತ್ತೀರಾ?

ಮುಖ ತೋರಿಸಿ ಮಾತಾಡುವ ಡಾಕ್ಟರನ್ನು ಹುಡುಕಿ. ನಿಮ್ಮ ವಯಸ್ಸು, ಬಿಪಿ, ಎದೆನೋವು, ಮಾತ್ರೆಗಳು ಎಲ್ಲ ಕೇಳಬೇಕು. ‘ಇದು ವೀಡಿಯೊದಲ್ಲಿ ಆಗುವುದಲ್ಲ, ಬಂದು ತೋರಿಸಿ’ ಅಂತ ಅವರು ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಹಾಗೆ ಹೇಳುವವರನ್ನೇ ನಂಬಿ. ಸರ್ಕಾರದ ಇ-ಸಂಜೀವಿನಿ ಇದೆ, ದುಡ್ಡಿಲ್ಲದೆ ಡಾಕ್ಟರ್ ಹತ್ತಿರ ಮಾತಾಡಬಹುದು. ಹೃದಯದ ಪರೀಕ್ಷೆ ಮುಗಿದ ಮೇಲೆ ಆಗಾಗ ಕೇಳಿ ತಿಳಿಯುವುದನ್ನೆಲ್ಲ ನೀವು ಮನೆಯಿಂದಲೇ ಮಾಡಬಹುದು. ಆನ್‌ಲೈನ್ ಅಲ್ಲಿ ನಿಜಕ್ಕೂ ಅನುಕೂಲ.

ಫ್ರೀ ಬಂದ ಹರ್ಬಲ್ ಕ್ಯಾಪ್ಸೂಲನ್ನೂ ಮುಟ್ಟಬೇಡಿ. ‘ಬರೀ ಗಿಡಮೂಲಿಕೆ’ ಅಂತ ಮಾರುವ ಇಂಥ ಕ್ಯಾಪ್ಸೂಲ್‌ಗಳ ಒಳಗೆ ಹೇಳದೆಯೇ ಸಿಲ್ಡೆನಾಫಿಲ್ ಬೆರೆಸಿರುವುದನ್ನು ಅಮೆರಿಕದ ಔಷಧ ಇಲಾಖೆ ಮತ್ತೆ ಮತ್ತೆ ಪತ್ತೆ ಹಚ್ಚಿದೆ. ಬಸ್‌ಸ್ಟ್ಯಾಂಡ್ ಗೋಡೆಯ ಮೇಲಿನ ‘ಗಂಡಸುತನ’ದ ಜಾಹೀರಾತುಗಳನ್ನು ನಮ್ಮ ದೇಶದಲ್ಲಿ 1954ರ ಕಾಯ್ದೆಯೇ ನಿಷೇಧಿಸಿದೆ. ಅದೇ ಜಾಹೀರಾತು ಈಗ ಮೊಬೈಲ್‌ಗೆ ಬಂದಿದೆ, ಅಷ್ಟೇ.

ಇನ್ನು ನಿಮ್ಮ ಆ ‘ಇಲ್ಲ’. ನಾನು ಬೈಯುವುದಿಲ್ಲ. ಮೆಡಿಕಲ್ ಸ್ಟೋರಿನ ನೆಂಟನಿಂದ ತಪ್ಪಿಸಿಕೊಳ್ಳಲು ಮೊಬೈಲ್ ಹಿಡಿದಿರಿ, ಅಲ್ಲಿ ನೋಡುವವರು ಯಾರೂ ಇರಲಿಲ್ಲ, ಆದರೂ ಸುಳ್ಳು ಹೇಳಿದಿರಿ. ನಾಚಿಕೆ ನಿಮ್ಮ ಜೊತೆಗೇ ಬಂದಿತ್ತು. ಸಾರ್ಬಿಟ್ರೇಟ್ ಅಂತ ಬರೆದಿದ್ದರೆ, ಆ ಕಡೆ ಒಬ್ಬ ಡಾಕ್ಟರ್ ಇದ್ದಿದ್ದರೆ, ಪಾರ್ಸೆಲ್ ಬರುತ್ತಲೇ ಇರಲಿಲ್ಲ. ಮುಂದಿನ ಸಲ ಎದೆನೋವಿಂದ ಸಿಗರೇಟಿನವರೆಗೆ ಎಲ್ಲ ಹೇಳಿ. ಈ ಮಾತ್ರೆ ಆಗುವುದಿಲ್ಲ ಅಂದರೆ ಕೈಬಿಟ್ಟರು ಅಂತ ಅರ್ಥವಲ್ಲ. ಹೃದಯದ ಡಾಕ್ಟರ್ ನೈಟ್ರೇಟ್ ಬದಲು ಬೇರೆ ಔಷಧಿ ಆಗುತ್ತದೋ ನೋಡಬಹುದು. ನಿರ್ವಾತ ಪಂಪ್ ಇದೆ, ಇಂಜೆಕ್ಷನ್ ಇದೆ, ಮೂತ್ರರೋಗ ತಜ್ಞರು ಹೇಳಿಕೊಡುತ್ತಾರೆ.

ಹೆಂಡತಿಗೆ ಹೇಳಬೇಕಾ ಅಂತ ಕೇಳಿದಿರಿ. ಹೇಳಬೇಕು, ಇವತ್ತು ರಾತ್ರಿಯೇ. ಅವರು ಅತ್ತಾಗ ನೀವು ಎದ್ದು ಹಾಲ್‌ಗೆ ಬಂದಿರಿ. ಆ ಕಡೆ ಅವರು ಏನು ಅಂದುಕೊಂಡಿರಬಹುದು? ಉತ್ತರ ‘ಹೌದು’ ಅಂತಲೇ ತಿಳಿದಿರುತ್ತಾರೆ. ತಮ್ಮ ಮೈಯೇ ನಿಮಗೆ ಬೇಡವಾಯಿತು ಅಂತ ಒಂದು ವರ್ಷದಿಂದ ಕೊರಗುತ್ತಿದ್ದಾರೆ. ಮೊಬೈಲ್ ಬಚ್ಚಿಟ್ಟುಕೊಂಡು ಓಡಾಡುವ ಗಂಡನನ್ನು ನೋಡಿ ಇನ್ನೇನು ಯೋಚಿಸಬೇಕು ಅವರು?

ದೊಡ್ಡ ಮಾತು ಬೇಕಿಲ್ಲ. ಮಕ್ಕಳು ಮಲಗಿದ ಮೇಲೆ ಪಕ್ಕದಲ್ಲಿ ಕೂತು ಇಷ್ಟು ಹೇಳಿ: ‘ನಿನ್ನ ಮೇಲೆ ಬೇಜಾರಿಲ್ಲ. ಬೇರೆ ಯಾರೂ ಇಲ್ಲ. ನನಗೇ ಆಗುತ್ತಿಲ್ಲ, ಹೇಳಲು ನಾಚಿಕೆಯಾಗಿತ್ತು. ಎದೆಯೂ ಒಮ್ಮೊಮ್ಮೆ ಹಿಡಿಯುತ್ತದೆ.’ ಆಮೇಲೆ ಸುಮ್ಮನಿರಿ. ಅವರು ಸಿಟ್ಟು ಮಾಡಬಹುದು, ಅಳಬಹುದು. ಅಳಲಿ, ಈ ಸಲ ಎದ್ದು ಹೋಗಬೇಡಿ.

ಆಸ್ಪತ್ರೆಗೂ ಅವರನ್ನು ಕರೆದುಕೊಂಡು ಹೋಗಿ. ಹೊರಡುವಾಗ ಡಿಕ್ಕಿಯ ಪಾರ್ಸೆಲ್ ಹಾಗೇ ಚೀಲಕ್ಕೆ ಹಾಕಿಕೊಳ್ಳಿ. ಪರ್ಸ್‌ನ ಸಾರ್ಬಿಟ್ರೇಟ್ ಜೊತೆಗೆ ಅದನ್ನೂ ಡಾಕ್ಟರ್ ಮೇಜಿನ ಮೇಲಿಡಿ. ಅವರು ನೋಡಿದ ತಕ್ಷಣ ಅರ್ಧ ವಿಷಯ ಅವರಿಗೇ ಗೊತ್ತಾಗುತ್ತದೆ. ಉಳಿದರ್ಧ ಹೇಳಲು ನಿಮಗೆ ಬಾಯಿ ಬರದಿದ್ದರೆ, ಪಕ್ಕದಲ್ಲಿ ಕೂತಿರುವ ನಿಮ್ಮ ಮನೆಯವರು ಹೇಳುತ್ತಾರೆ.