ಡ್ರಮ್ ಲೆವೆಲ್ ಟ್ರಾನ್ಸ್‌ಮಿಟರಿಗೆ ಸ್ಟೋರಿನಲ್ಲಿ ಉಳಿದ ಕಂಟ್ರೋಲ್ ಕೇಬಲ್ ಎಳೆಯಬಹುದೇ?

ದಯವಿಟ್ಟು ಎಳೆಯಬೇಡಿ. ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟ ಅಳೆದು ಕಳಿಸುವ ಈ ಟ್ರಾನ್ಸ್‌ಮಿಟರಿನಿಂದ ಕಂಟ್ರೋಲ್ ರೂಮಿಗೆ 200 ಮೀಟರ್ ಇದೆ, ಸ್ಟೋರಿನಲ್ಲಿ 2.5 ಸ್ಕ್ವೇರ್ (ಚದರ ಮಿಲಿಮೀಟರ್) ಕಂಟ್ರೋಲ್ ಕೇಬಲ್ ಸುಮ್ಮನೆ ಬಿದ್ದಿದೆ, ತಂತಿ ದಪ್ಪವಿದ್ದಷ್ಟೂ ಸಿಗ್ನಲ್ ಚೆನ್ನಾಗಿ ಬರುತ್ತದಲ್ಲವೇ ಎಂದು ಕೇಳಿದ್ದೀರಿ. ಸಕ್ಕರೆ ಕಾರ್ಖಾನೆಗಳಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ಮಾಡಿಕೊಂಡು ಬಂದವನು ನಾನು. ಹಂಗಾಮು ಹತ್ತಿರ ಬಂತೆಂದರೆ ಇದೇ ಮಾತು ಯಾರಾದರೊಬ್ಬರು ತೆಗೆಯುತ್ತಾರೆ.

ದಪ್ಪದ ಲೆಕ್ಕ ಮೊದಲು ಮುಗಿಸೋಣ. 1.5 ಸ್ಕ್ವೇರ್ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 12 ಓಮ್. ಹೋಗಿ ಬರುವ ದಾರಿ 400 ಮೀಟರ್, ಅಂದರೆ 5 ಓಮ್ ಕೂಡ ತುಂಬುವುದಿಲ್ಲ. ಸಿಗ್ನಲ್ ಎಂದರೆ 4ರಿಂದ 20 ಮಿಲಿಆಂಪ್ ಕರೆಂಟು; ಪೂರ್ತಿ 20 ಹರಿದಾಗ ಕೇಬಲ್ಲಿನಲ್ಲಿ ಹೋಗುವುದು 0.1 ವೋಲ್ಟ್. ಪ್ಯಾನೆಲ್ಲಿನ 250 ಓಮ್ ರೆಸಿಸ್ಟರಿಗೆ 5 ವೋಲ್ಟ್ ಕೊಟ್ಟರೂ 24 ವೋಲ್ಟ್ ಸಪ್ಲೈನಲ್ಲಿ ಟ್ರಾನ್ಸ್‌ಮಿಟರಿಗೆ ಸುಮಾರು 19 ಉಳಿಯುತ್ತದೆ. ಸಾಮಾನ್ಯವಾಗಿ 12 ಇದ್ದರೆ ಸಾಕು. 0.5 ಸ್ಕ್ವೇರ್ ಹಾಕಿದರೂ ಈ ಲೆಕ್ಕ ಕೂಡಿಬರುತ್ತದೆ. ಎಳೆಯುವಾಗ ತುಂಡಾಗಬಾರದು, ಟರ್ಮಿನಲ್ಲಿನಲ್ಲಿ ಗಟ್ಟಿಯಾಗಿ ಕೂರಬೇಕು ಎಂದು ಒಂದು ಅಥವಾ ಒಂದೂವರೆ ಸ್ಕ್ವೇರ್ ತೆಗೆದುಕೊಳ್ಳುತ್ತೇವೆ, ಅಷ್ಟೇ.

ನೀವು ನೋಡಬೇಕಾದದ್ದು ಜೋಡಿ ಮತ್ತು ಶೀಲ್ಡ್. ಕಂಟ್ರೋಲ್ ಕೇಬಲ್ಲಿನಲ್ಲಿ ನಿಮ್ಮ ಸಿಗ್ನಲ್ಲಿನ ಎರಡು ತಂತಿಗಳು ಜೋಡಿಯಾಗಿ ಇರುವುದಿಲ್ಲ. ಇನ್‌ಸ್ಟ್ರುಮೆಂಟ್ ಕೇಬಲ್ಲಿನಲ್ಲಿ ಆ ಎರಡನ್ನೂ ಹುರಿ ಹೊಸೆದ ಹಾಗೆ ಹೊಸೆದಿರುತ್ತಾರೆ. ಪಕ್ಕದ ಪವರ್ ಕೇಬಲ್ಲಿನಿಂದ ಒಂದು ಸುತ್ತಿನಲ್ಲಿ ಹುಟ್ಟಿದ ವೋಲ್ಟೇಜನ್ನು ಮುಂದಿನ ಸುತ್ತು ಉಲ್ಟಾ ಹುಟ್ಟಿಸಿ ಕಳೆದುಬಿಡುತ್ತದೆ. ಮೇಲೆ ಸುತ್ತಿದ ಅಲ್ಯೂಮಿನಿಯಂ ಮೈಲಾರ್ ಪಟ್ಟಿ, ಅದಕ್ಕೆ ತಾಗಿಕೊಂಡು ಓಡುವ ತವರ ಲೇಪಿಸಿದ ಡ್ರೇನ್ ವೈರ್, ಇವೆರಡೂ ಸೇರಿ ಹೊರಗಿನ ವಿದ್ಯುತ್ ಗದ್ದಲ ತಡೆಯುವ ಶೀಲ್ಡ್.

ಒಂದು ಕಾರ್ಖಾನೆಯಲ್ಲಿ ಬಾಯ್ಲರಿನ ಹೊಗೆ ಎಳೆಯುವ ಐಡಿ ಫ್ಯಾನಿನ ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಡ್ರೈವ್) ವೇಗ ಏರಿಸಿದಾಗಲೆಲ್ಲ ಡ್ರಮ್ ಲೆವೆಲ್ ಕುಣಿಯುತ್ತಿತ್ತು. ಅದರ ಹಿಂದೆಯೇ ಡ್ರಮ್ಮಿಗೆ ನೀರು ಬಿಡುವ ಫೀಡ್ ವಾಲ್ವ್ ಕೂಡ ತೆರೆದು ಮುಚ್ಚಿ ಮಾಡುತ್ತಿತ್ತು. ನೀರು ಕಡಿಮೆಯಾದರೆ ಟ್ಯೂಬು ಸುಡುತ್ತದೆ, ಹೆಚ್ಚಾದರೆ ಹಬೆಯ ಜೊತೆ ನೀರು ಟರ್ಬೈನಿಗೆ ಹೋಗುತ್ತದೆ. ಆ ರಾತ್ರಿ ನಮಗೆ ಜೀವ ಕೈಯಲ್ಲಿತ್ತು. ಟ್ರಾನ್ಸ್‌ಮಿಟರ್ ಬದಲಿಸಿದೆವು, ಹಾಗೇ ಇತ್ತು. ಕೊನೆಗೆ ವಾಲ್ವನ್ನು ಮ್ಯಾನ್ಯುಯಲ್ಲಿಗೆ ಹಾಕಿ, ಒಬ್ಬರನ್ನು ನೀರಿನ ಮಟ್ಟ ಕಣ್ಣಿಗೆ ಕಾಣುವ ಗೇಜ್ ಗ್ಲಾಸಿನ ಮುಂದೆ ನಿಲ್ಲಿಸಿ, ಟ್ರಾನ್ಸ್‌ಮಿಟರ್ ಬಿಚ್ಚಿ ಆ ಜಾಗಕ್ಕೆ ಕ್ಯಾಲಿಬ್ರೇಟರ್ ಕಟ್ಟಿ 12 ಮಿಲಿಆಂಪ್ ಕೊಟ್ಟೆ. ಪ್ಯಾನೆಲ್ಲಿನಲ್ಲಿ 50 ಪರ್ಸೆಂಟ್ ಅಲುಗಾಡದೆ ನಿಲ್ಲಬೇಕು. 46ಕ್ಕೂ 54ಕ್ಕೂ ನಡುವೆ ಓಲಾಡುತ್ತಿತ್ತು. ಎಳೆದಿದ್ದದ್ದು ಉಳಿದ ಕಂಟ್ರೋಲ್ ಕೇಬಲ್, ಅದೂ ಫ್ಯಾನ್ ಮೋಟರಿನ ಕೇಬಲ್ ಇದ್ದ ಟ್ರೇನಲ್ಲೇ.

ಹೊಸ ಶೀಲ್ಡೆಡ್ ಕೇಬಲ್ ಬಂತು, ಬೇರೆ ಟ್ರೇನಲ್ಲಿ ಎಳೆದೆವು. ಓಲಾಟ ಕಡಿಮೆಯಾಯಿತು, ನಿಲ್ಲಲಿಲ್ಲ. ಫೀಲ್ಡಿನ ಜಂಕ್ಷನ್ ಬಾಕ್ಸ್ ತೆರೆದು ನೋಡಿದರೆ ಡ್ರೇನ್ ವೈರನ್ನು ನೀಟಾಗಿ ಲಗ್ ಹೊಡೆದು ಬಾಕ್ಸಿನ ಬಾಡಿಗೆ ಬಿಗಿದಿದ್ದರು. ಪ್ಯಾನೆಲ್ಲಿನಲ್ಲೂ ಅರ್ಥಿಂಗ್ ಆಗಿತ್ತು. ಎರಡು ಕಡೆಯ ಅರ್ಥುಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ, ಅದರಿಂದ ಶೀಲ್ಡಿನಲ್ಲೇ ಕರೆಂಟು ಹರಿದು ಸಿಗ್ನಲ್ಲನ್ನು ಕೆಡಿಸುತ್ತದೆ. ಫೀಲ್ಡ್ ಕಡೆ ಬಿಚ್ಚಿ, ತುದಿ ಕತ್ತರಿಸಿ, ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಆಗ 50 ನಿಂತಿತು.

ಹಾಗಾಗಿ ನಿಮ್ಮ ಇಂಡೆಂಟಿನಲ್ಲಿ (ಖರೀದಿ ಬೇಡಿಕೆ ಪತ್ರದಲ್ಲಿ) ಹೀಗೆ ಬರೆಯಿರಿ: 1 ಜೋಡಿ, 1.5 ಸ್ಕ್ವೇರ್ ತಾಮ್ರ, ಟ್ವಿಸ್ಟೆಡ್, ಶೀಲ್ಡೆಡ್, ಆರ್ಮರ್ಡ್, ಎಫ್‌ಆರ್‌ಎಲ್‌ಎಸ್ (ಬೆಂಕಿ ಹರಡದ, ಹೊಗೆ ಕಡಿಮೆ ಬಿಡುವ) ಹೊದಿಕೆ, ಇಎನ್ 50288-7 ಮಾನದಂಡದ ಪ್ರಕಾರ. ಆರು, ಹನ್ನೆರಡು ಜೋಡಿಯ ಕೇಬಲ್ ತರಿಸುವುದಾದರೆ ಪ್ರತಿ ಜೋಡಿಗೂ ಪ್ರತ್ಯೇಕ ಶೀಲ್ಡ್, ಮೇಲೊಂದು ಒಟ್ಟು ಶೀಲ್ಡ್ ಕೇಳಿ. ಆರ್ಮರನ್ನು ಶೀಲ್ಡ್ ಎಂದುಕೊಳ್ಳಬೇಡಿ. ಅದು ಇಲಿ ಹೆಗ್ಗಣದಿಂದ, ಪೆಟ್ಟಿನಿಂದ ಕಾಯುವ ಕಬ್ಬಿಣ, ಗ್ಲ್ಯಾಂಡಿನ ಮೂಲಕ ಅದರ ಅರ್ಥಿಂಗ್ ಬೇರೆಯೇ. ಪವರ್ ಟ್ರೇಯಿಂದ ಒಂದಡಿಯಾದರೂ ದೂರವಿಡಿ, ದಾಟಲೇಬೇಕಾದ ಕಡೆ ನೇರ ಅಡ್ಡಲಾಗಿ ದಾಟಿಸಿ. ಸಾಮಾನ್ಯ ಪಿವಿಸಿ ತಡೆಯುವುದು 70 ಡಿಗ್ರಿ, ಡ್ರಮ್ಮಿನ ಬಳಿ ಬಿಸಿ ಲೈನಿಗೆ ತಾಗಿಸಬೇಡಿ.

ಇದೇ ಕೇಬಲ್ಲನ್ನು ತಾಪ ಅಳೆಯುವ ಥರ್ಮೋಕಪಲ್ಲಿಗೂ ಕಟ್ಟೋಣ ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಕೆ ಟೈಪಿಗೆ ಕೆ ಟೈಪಿನದೇ ಕಾಂಪೆನ್ಸೇಟಿಂಗ್ ಕೇಬಲ್ ಬೇಕು. ತಾಮ್ರ ಹಾಕಿದರೆ, ಥರ್ಮೋಕಪಲ್ಲಿನ ತಂತಿ ಕಟ್ಟುವ ಹೆಡ್ಡು 60 ಡಿಗ್ರಿಯಲ್ಲೂ ಪ್ಯಾನೆಲ್ 25ರಲ್ಲೂ ಇದ್ದಾಗ ರೀಡಿಂಗ್ ಸುಮಾರು 35 ಡಿಗ್ರಿ ಕಡಿಮೆ ತೋರಿಸುತ್ತದೆ. ಬೇರಿಂಗಿನ ತಾಪ ಅಳೆಯುವ ಆರ್‌ಟಿಡಿಗೆ ಮೂರೆಳೆಯ ಕೇಬಲ್.

ಕೇಬಲ್ ಎಳೆದಾದ ಮೇಲೆ ಮೆಗ್ಗರ್ (ಇನ್ಸುಲೇಷನ್ ಪರೀಕ್ಷೆ) ಮಾಡುವಿರಲ್ಲ, ಆಗ ಎರಡೂ ತುದಿ ಬಿಚ್ಚಿರಲಿ. ಟ್ರಾನ್ಸ್‌ಮಿಟರ್ ಕಟ್ಟಿಕೊಂಡೇ 500 ವೋಲ್ಟ್ ಒತ್ತಿದರೆ ಒಳಗಿನ ಕಾರ್ಡ್ ಸುಟ್ಟುಹೋಗಬಹುದು.